ಸೀಸ ಬಿಟ್ಟ ಮೇಲೆ ಗಂಟೆ ಮಾತಾಡಿತು

"ನಲ್ಲಿ ಎರೆಯೋನಿಗೆ ಗಂಟೆ ಯಾಕಪ್ಪಾ?" ಅಂತ ಪಕ್ಕದ ಶೆಡ್ಡಿನ ಹಿರಿಯರು ನಕ್ಕಿದ್ದರು. ಹೋದ ದೀಪಾವಳಿಗೆ ನಾನು ಎರೆದ ಎಂಟು ಕೆಜಿ ಗಂಟೆಯನ್ನು ಅವರ ಎದುರೇ ಹೊಡೆದೆ. ನಲವತ್ತು ಎಣಿಸಿದರೂ ನಾದ ನಿಂತಿರಲಿಲ್ಲ.

ಮೊದಲನೇದು ಮಾತ್ರ ಎಣ್ಣೆ ಡಬ್ಬ ಬಡಿದ ಹಾಗೆ 'ಟಕ್' ಅಂದಿತ್ತು. ಗಂಟೆಯ ಕಂಚು ಅಂದರೆ ತಾಮ್ರಕ್ಕೆ ತವರ ಬೆರೆಸಿದ್ದು. ತವರ ತಾಮ್ರಕ್ಕಿಂತ ಮೂರು ಪಟ್ಟು ದುಬಾರಿ ಅಲ್ವಾ, ಜಿಪುಣತನ ಮಾಡಿ ಗುಜರಿಯ ಬೆಸುಗೆ ಕಡ್ಡಿ ಹಾಕಿದ್ದೆ. ಅದರಲ್ಲಿ ನೂರಕ್ಕೆ 40 ಸೀಸ. ಸೀಸ ಕಂಚಿನೊಳಗೆ ಬೆರೆಯದೆ ಹನಿ ಹನಿಯಾಗಿ ಕೂತು ನಾದ ನುಂಗುತ್ತದೆ. ಎರಡನೇದಕ್ಕೆ ಹಳೆ ಹಿತ್ತಾಳೆ ನಲ್ಲಿ ಸೇರಿಸಿದೆ. ತಾಮ್ರ ಕರಗೋದು 1085 ಡಿಗ್ರಿಗೆ, ಹಿತ್ತಾಳೆಯೊಳಗಿನ ಸತು 907ಕ್ಕೇ ಕುದಿಯುತ್ತದೆ. ಶೆಡ್ಡು ತುಂಬಾ ಬಿಳಿ ಹೊಗೆ, ರಾತ್ರಿ ನನಗೆ ಚಳಿಜ್ವರ. ಮೂರನೇದರ ಅಚ್ಚು ಒಳಗೆ ಒಣಗಿರಲಿಲ್ಲ. ಮೈತುಂಬಾ ಗುಳ್ಳೆ. ಒಟ್ಟು ಇಪ್ಪತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಮನೆಯಲ್ಲಿ ಹತ್ತು ಅಂತ ಹೇಳಿದ್ದೇನೆ.

ನಾಲ್ಕನೇ ಸಲ ಸುಲಿದ ವೈರಿನ ತಾಮ್ರ ಆರೂಕಾಲು ಕೆಜಿ, ಅಸಲಿ ತವರ ಎರಡಕ್ಕೆ ಕಾಲು ಕಮ್ಮಿ. ಅಂದರೆ ತವರ ನೂರಕ್ಕೆ 22ರ ಆಸುಪಾಸು. ಮೇಲೆ ಇದ್ದಿಲು ಮುಚ್ಚಿ ತಾಮ್ರ ಪೂರ್ತಿ ಕರಗಿಸಿದೆ. ಆಮೇಲೆ, ಕರಗಿದ ತಾಮ್ರದೊಳಗಿನ ಆಮ್ಲಜನಕ ತೆಗೆಯಲು, ಒಂದಿಷ್ಟು ರಂಜಕ ಬೆರೆತ ತಾಮ್ರ. ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ. ತವರ ಕಟ್ಟಕಡೆಗೆ. ಒಂದು ಸಲ ಕಲಕಿ, ಕಿಟ್ಟ ತೆಗೆದು, ತಡ ಮಾಡದೆ ಎರೆದೆ. ಅಚ್ಚನ್ನು ಎರಡು ದಿನ ಹೇಗೆ ಒಣಗಿಸಿದೆ ಅನ್ನೋದನ್ನೂ ಕೇಳಬೇಡಿ.

ಪಂಚಲೋಹ ಆಗಲಿ ಅಂತ ಗಿರಾಕಿಯ ತಾಯಿ ಮುರುಕು ಮೂಗುತಿ ಕೊಟ್ಟರು. ಅಷ್ಟು ಚಿನ್ನದಿಂದ ನಾದ ಬದಲಾಗಲ್ಲ. ಆದರೂ ಅವರ ಕೈಯಿಂದಲೇ ಮೂಸೆಗೆ ಹಾಕಿಸಿದೆ.

ತವರ ನೂರಕ್ಕೆ 10ಕ್ಕೆ ಇಳಿಸಿಯೂ ನೋಡಿದೆ. ದನಿ ಸತ್ತಿತು, ಆದರೆ ಅದೇ ಕಂಚಿನಲ್ಲಿ ಮಾಡಿದ ಬುಷ್, ಅಂದರೆ ತಿರುಗೋ ಕಂಬಿಗೆ ಹಾಕೋ ಬಳೆ, ಕಬ್ಬಿನ ಗಾಣದಲ್ಲಿ ಎರಡು ಸೀಸನ್ ಸವೆಯಲಿಲ್ಲ. ಕಳೆದ ದುಡ್ಡು ಅರ್ಧ ಅಲ್ಲೇ ವಾಪಸ್ ಬಂತು.

ಈಗ ಜಾಗಟೆ ಹುಚ್ಚು. ಉಕ್ಕನ್ನು ಕೆಂಪಗೆ ಕಾಸಿ ನೀರಿಗದ್ದಿದರೆ ಗಡಸಾಗುತ್ತದೆ, ಗಂಟೆಗೆ ಹಾಕಿದ 22ರ ಕಂಚು ಉಲ್ಟಾ. ನೀರಿಗದ್ದಿದರೇನೇ ಸುಲಭಕ್ಕೆ ಒಡೆಯಲ್ಲ. ಸುಮ್ನೆ ಆರಲು ಬಿಟ್ಟ ತುಂಡು ಒಂದೇ ಏಟಿಗೆ ಗಾಜಿನ ಹಾಗೆ ಪುಡಿಯಾಯಿತು. ಬಡಿದ ಎರಡು ಜಾಗಟೆ ಅಂಚಿನಲ್ಲಿ ಸೀಳಿವೆ. ಮೂರನೇದಕ್ಕೆ ತವರ ತಂದಿಟ್ಟಿದ್ದೇನೆ.