ಊರೂರತ್ತೆಯ ಟಿಕೆಟ್‌ಗಳು: ತೀರಿಕೊಂಡವರ ನೆನಪನ್ನು ಜೋಪಾನ ಮಾಡುವ ಬಗೆ

ನಮ್ಮ ಸೋದರತ್ತೆಯನ್ನು ಮನೆಯ ಮಕ್ಕಳೆಲ್ಲ ‘ಊರೂರತ್ತೆ’ ಅಂತಲೇ ಕರೆಯುತ್ತಿದ್ದೆವು. ಅರಸೀಕೆರೆಯಲ್ಲಿ ಮನೆ. ಪ್ರೈಮರಿ ಸ್ಕೂಲಿನ ಟೀಚರ್ ಆಗಿದ್ದವರು. ಮದುವೆ ಬೇಡ ಅಂದವರು. ಒಂದು ಬಟ್ಟೆ ಚೀಲ, ಒಂದು ಕೊಡೆ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗುವುದು, ಅಲ್ಲಿ ನಿಂತ ಮೇಲೆ ಯಾವ ಊರು ಅಂತ ತೀರ್ಮಾನಿಸುವುದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ, ಸರ್ಕಾರಿ ಬಸ್ಸಲ್ಲಿ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ ಅಂತ ಆದ ಮೇಲಂತೂ ಅವರು ಮನೆಯಲ್ಲಿ ಸಿಕ್ಕಿದ್ದೇ ಕಡಿಮೆ. ಆಗ ಅವರಿಗೆ 67.

ಹೋದ ವರ್ಷ ಮಾಘದಲ್ಲಿ ಅತ್ತೆ ತೀರಿಕೊಂಡರು. ಬೀರು ಖಾಲಿ ಮಾಡುವಾಗ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಅದರ ತುಂಬ ಸೊನ್ನೆ ರೂಪಾಯಿಯ ಟಿಕೆಟ್‌ಗಳು. ಎಣಿಸಿದೆ, 143. ನಿಮ್ಮ ಮನೆಯಲ್ಲೂ ಹೀಗೆ ಕಾಲಿಗೆ ಚಕ್ರ ಕಟ್ಟಿಕೊಂಡವರೊಬ್ಬರು ಇದ್ದು ಈಗ ಇಲ್ಲವಾಗಿದ್ದರೆ, ನಾನು ಕಲಿತದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲನೆಯದು, ಕಾಗದ ಎಸೆಯುವ ಅವಸರ ಬೇಡ. ಸೀರೆ, ಪಾತ್ರೆ ಹಂಚುವುದು ಹೇಗೂ ನಡೆಯುತ್ತದೆ. ಆದರೆ ಚೀಲದ ಒಳಜೇಬು, ಪಂಚಾಂಗದ ಹಾಳೆಗಳ ಸಂದಿ, ಕನ್ನಡಕದ ಡಬ್ಬಿ, ಇವನ್ನು ನೀವೇ ಕೂತು ನೋಡಿ. ಕಸ ಅಂತ ಯಾರಿಗೂ ಎತ್ತಿ ಬಿಸಾಡಲು ಬಿಡಬೇಡಿ.

ಈಗ ಟಿಕೆಟ್ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಚೆನ್ನಾಗಿರಲಿ ಅಂತ ನಾನು ಎರಡು ಟಿಕೆಟ್ ಲ್ಯಾಮಿನೇಶನ್‌ಗೆ ಕೊಟ್ಟೆ. ಒಂದು ಬೇಲೂರಿನದು, ಒಂದು ಗದಗದಿಂದ ಲಕ್ಕುಂಡಿಗೆ ಹೋದದ್ದು. ಮೆಷಿನ್ನಿನ ಆಚೆ ಕಡೆಯಿಂದ ಬಂದದ್ದು ಎರಡು ಕರಿ ಪಟ್ಟಿ. ಕೈಯಲ್ಲಿ ಹಿಡಿದಾಗ ಇನ್ನೂ ಬಿಸಿ ಇತ್ತು. ಓರೆ ಮಾಡಿ ಬೆಳಕಿಗೆ ಹಿಡಿದೆ. ಒಂದಕ್ಷರ ಕಾಣಲಿಲ್ಲ. ಅಲ್ಲೇ ಕಣ್ಣಲ್ಲಿ ನೀರು ಬಂತು.

ಕಂಡಕ್ಟರ್ ಮೆಷಿನ್ನಿಂದ ಬರುವ ಟಿಕೆಟ್ಟಿನಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿ ತಾಗಿದ ಕಡೆ ಕಪ್ಪಾಗುವ ಕಾಗದ ಅದು. ಹಾಗಾಗಿ ಲ್ಯಾಮಿನೇಶನ್ ಬೇಡವೇ ಬೇಡ. ಇಸ್ತ್ರಿ ಹಾಕಿ ಸುಕ್ಕು ತೆಗೆಯಬೇಡಿ. ಮುಂಭಾಗಕ್ಕೆ ಟೇಪ್ ಅಂಟಿಸಬೇಡಿ. ಬಿಸಿಲಿಗೆ ಇಡಬೇಡಿ, ಅಕ್ಷರ ಮಾಸಿ ಹೋಗುತ್ತವೆ. ಸಿಕ್ಕಿದ ದಿನವೇ ಒಂದೊಂದನ್ನೂ ಬಿಳಿ ಹಾಳೆಯ ಮೇಲಿಟ್ಟು, ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಮಾಮೂಲಿ ಪೇಪರ್ ಕವರಿಗೆ ಹಾಕಿ, ತಂಪಾದ ಕತ್ತಲ ಜಾಗದಲ್ಲಿಡಿ. ಪ್ಲಾಸ್ಟಿಕ್ ಕವರ್ ಬೇಡ. ಎಷ್ಟು ಜೋಪಾನ ಮಾಡಿದರೂ ಈ ಕಾಗದ ಜಾಸ್ತಿ ವರ್ಷ ಬಾಳುವುದಿಲ್ಲ. ಫೋಟೋನೇ ಉಳಿಯುವುದು.

ಫೋನಿಗೂ ಗಡುವಿದೆ. ಬಳಸದೆ 90 ದಿನ ಬಿಟ್ಟ ನಂಬರನ್ನು ಕಂಪನಿಯವರು ನಿಲ್ಲಿಸಬಹುದು, ಆಮೇಲೆ ಬೇರೆಯವರಿಗೂ ಕೊಡಬಹುದು. 120 ದಿನ ಸುಮ್ನೆ ಬಿದ್ದಿರುವ ವಾಟ್ಸಾಪ್ ಖಾತೆ ಅಳಿಸಿಹೋಗುತ್ತದೆ. ಅವರು ನಿಮಗೆ ಕಳಿಸಿದ ವಾಯ್ಸ್ ಮೆಸೇಜ್ ನಿಮ್ಮ ಫೋನಿನಲ್ಲಿರುತ್ತದೆ ನಿಜ, ಆದರೆ ನಿಮ್ಮ ಫೋನೇ ಕೆಟ್ಟರೆ? ಚಾಟ್ ತೆರೆದು, ಎಕ್ಸ್‌ಪೋರ್ಟ್ ಚಾಟ್ ಒತ್ತಿ, ಮೀಡಿಯಾ ಸಮೇತ ನಿಮ್ಮ ಇಮೇಲ್‌ಗೋ ಡ್ರೈವ್‌ಗೋ ಹಾಕಿಕೊಳ್ಳಿ.

ನನಗೆ ಲಕ್ಕುಂಡಿಯ ಆ ದಿನ ವಾಪಸ್ ಸಿಕ್ಕಿದ್ದು ಹೀಗೆಯೇ. ಹನ್ನೊಂದು ಸೆಕೆಂಡಿನ ಮೆಸೇಜು. “ಮುಸುಕಿನ ಬಾವಿಗೆ ಇಳಿದಿದ್ದೀನಿ ಕಣೇ. ಇಲ್ಲಿ ಎಷ್ಟು ತಣ್ಣಗಿದೆ ಗೊತ್ತಾ? ಆಮೇಲೆ ಮಾತಾಡ್ತೀನಿ.” ಅದು ಲಕ್ಕುಂಡಿಯ ಹಳೇ ಮೆಟ್ಟಿಲು ಬಾವಿ. ಹಿಂದೆ ಪಾರಿವಾಳ ರೆಕ್ಕೆ ಬಡಿಯುವ ಸದ್ದು. ಕೆಳಗೆ ತಾರೀಕು, ಟೈಮು. ಟಿಕೆಟ್ ಕಪ್ಪಾದರೂ ದಿನ ಉಳಿಯಿತು.

ಇಷ್ಟಾದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು ಟಿಕೆಟ್‌ಗಳನ್ನು ತಾರೀಕಿನ ಪ್ರಕಾರ ಬರೆಯಿರಿ. ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿಗೆ. ಪಕ್ಕದಲ್ಲಿ ಮನೆಯವರಿಗೆ ನೆನಪಿದ್ದದ್ದನ್ನು ಸೇರಿಸಿ. ಬೇಜಾರಿನ ಮಾತೂ ಬರಲಿ. ನನ್ನ ತಂಗಿಯ ಮದುವೆಯ ದಿನ ಅತ್ತೆ ಬಾದಾಮಿಯಲ್ಲಿದ್ದರು. ಅಪ್ಪ ಆರು ತಿಂಗಳು ಅವರ ಹತ್ತಿರ ಮಾತಾಡಲಿಲ್ಲ. ಅದನ್ನೂ ಬರೆದಿದ್ದೇನೆ, ಅಪ್ಪನ ಬಾಯಿಂದಲೇ ಕೇಳಿ. ದೇವರಂಥವರು ಅಂತ ಬರೆದುಬಿಟ್ಟರೆ ನಮ್ಮತ್ತೆ ಅದರೊಳಗೆ ಇರುವುದಿಲ್ಲ.

ಬರೆಯುತ್ತಾ ಹೋದಾಗ ಒಂದು ಊರು ಮತ್ತೆ ಮತ್ತೆ ಬರುತ್ತದೆ. ನಮ್ಮಲ್ಲಿ ಅದು ಹಾರನಹಳ್ಳಿ. ಅರಸೀಕೆರೆಯಿಂದ ಹಾಸನದ ರಸ್ತೆಯಲ್ಲಿ ಎಂಟು ಕಿಲೋಮೀಟರ್, ಹೊಯ್ಸಳರ ಕಾಲದ ದೇವಸ್ಥಾನಗಳಿರುವ ಊರು. ಬಾದಾಮಿ, ಕೊಲ್ಲೂರು ಅಂತ ತಿರುಗಿದವರು ಇಷ್ಟು ಹತ್ತಿರದ ಊರಿಗೆ ಒಂಬತ್ತು ಸಲ ಯಾಕೆ ಹೋದರು? ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಥ ಊರಿಗೆ ನೀವು ಹೋಗಲೇಬೇಕು. ಕಾರು ಬೇಡ, ಅವರು ಹೋದ ಹಾಗೇ ಹೋಗಿ. ಅವರ ಫೋಟೋ ಒಂದು ಜೊತೆಗಿರಲಿ.

ವರ್ಷದ ತಿಥಿ ಮುಗಿದ ಮಾರನೇ ದಿನ ನಾನು ಹೋದೆ. ಅತ್ತೆಯ ಬಟ್ಟೆ ಚೀಲವನ್ನೇ ಹೆಗಲಿಗೆ ಹಾಕಿಕೊಂಡಿದ್ದೆ. ಬಸ್ ಇಳಿದು ಟೀ ಅಂಗಡಿಯ ಮುಂದೆ ನಿಂತೆ. ಅತ್ತೆಯ ಫೋಟೋ ಹೊರಗೆ ತೆಗೆಯುವುದೇ ಬೇಕಾಗಲಿಲ್ಲ. ಟೀ ಸೋಸುತ್ತಿದ್ದ ಅಜ್ಜಿ ಚೀಲ ನೋಡಿದರು, ನನ್ನ ಮುಖ ನೋಡಿದರು.

“ಟೀಚರಮ್ಮ ಬರ್ಲಿಲ್ವಾ? ಬಾಳ ದಿನ ಆಯ್ತು.”

ಹೇಳಿದೆ. ಅವರು ಸ್ಟೌ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು, ಬೆಂಚಿನ ಮೇಲೆ ನನ್ನ ಪಕ್ಕ ಕೂತರು.