ರೇಡಿಯೊ ತಾಳಮದ್ದಳೆಯನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವ ಬಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಮಂಗಳೂರು ಆಕಾಶವಾಣಿಯ ಯಕ್ಷಗಾನ, ತಾಳಮದ್ದಳೆ (ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ)ಗಳನ್ನು ಕೇಳುವವರು ಇಂದಿಗೂ ಇದ್ದಾರೆ. ಒಮ್ಮೆ ಪ್ರಸಾರವಾದ ಅರ್ಥಗಾರಿಕೆ, ಎಂದರೆ ಪಾತ್ರವಾಗಿ ಆಡುವ ಆಶುಮಾತು, ಮತ್ತೆ ಸಿಕ್ಕೀತೆಂಬ ಭರವಸೆ ಇಲ್ಲವಾದ್ದರಿಂದ, ಸ್ವಂತಕ್ಕೆ ಕೇಳುವ ಸಲುವಾಗಿ ಅದನ್ನು ಧ್ವನಿಮುದ್ರಿಸಿ ಇಟ್ಟುಕೊಳ್ಳುವುದು ಅಗತ್ಯವೆಂದೇ ನನ್ನ ಅಭಿಪ್ರಾಯ.

ಎರಡೂ ತುದಿಯಲ್ಲಿ 3.5 ಮಿ.ಮೀ. ಪಿನ್ ಇರುವ ಕೇಬಲ್‌ನಿಂದ ರೇಡಿಯೊದ ಇಯರ್‌ಫೋನ್ ಕಿಂಡಿಯನ್ನು ಕಂಪ್ಯೂಟರಿನ ಲೈನ್-ಇನ್‌ಗೆ (ಹೊರಗಿನ ಸಾಧನದ ಧ್ವನಿಯನ್ನು ಒಳತರುವ ಕಿಂಡಿಗೆ) ಜೋಡಿಸಬೇಕು. ಡೆಸ್ಕ್‌ಟಾಪಿನಲ್ಲಿ ಇದು ಸಾಮಾನ್ಯವಾಗಿ ತಿಳಿನೀಲಿ. ಗುಲಾಬಿ ಬಣ್ಣದ್ದು ಮೈಕಿನದು, ಅದಕ್ಕೆ ಸಿಕ್ಕಿಸಿದರೆ ಧ್ವನಿ ಒಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಲೈನ್-ಇನ್ ಇಲ್ಲದಿದ್ದರೆ ಆ ಸೌಲಭ್ಯವಿರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ.

ಉಚಿತವಾಗಿ ದೊರೆಯುವ ಅಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಮೋನೊ (ಒಂದೇ ಚಾನೆಲ್) ಮತ್ತು ಸ್ಯಾಂಪಲ್ ರೇಟ್ 44,100 ಹರ್ಟ್ಸ್ ಆರಿಸಿರಿ. ಧ್ವನಿಮಟ್ಟ ಹೊಂದಿಸುವಾಗ ಅವಸರ ಸಲ್ಲದು: ಭಾಗವತರ ಏರುದನಿಗೂ ಚೆಂಡೆಯ ಪೆಟ್ಟಿಗೂ ಮೀಟರ್ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲುವಂತೆ ರೇಡಿಯೊದ ವಾಲ್ಯೂಮ್ ತಗ್ಗಿಸಬೇಕು, ಏಕೆಂದರೆ ಮೆಲುವಾಗಿ ಮುದ್ರಿತವಾದದ್ದನ್ನು ಆಮೇಲೆ ಏರಿಸಿಕೊಳ್ಳಬಹುದೇ ಹೊರತು, ಮೀಟರಿನ ಮೇಲ್ಮಿತಿಯಾದ ಸೊನ್ನೆಯನ್ನು ಮುಟ್ಟಿ ಒಡೆದ ಧ್ವನಿಯನ್ನು ಮೊದಲಿನಂತೆ ಮಾಡಲಾಗದು. ಗುಂಯ್ ಎಂಬ ಸದ್ದು ಬೆರೆತರೆ ಲ್ಯಾಪ್‌ಟಾಪಿನ ಚಾರ್ಜರನ್ನು ತೆಗೆದು ನೋಡಿರಿ.

ಕಂಪ್ಯೂಟರ್ ನಡುವೆ ಸ್ಲೀಪ್‌ಗೆ ಹೋಗದಂತೆ ಮೊದಲೇ ಸೆಟ್ಟಿಂಗ್ ಬದಲಿಸಿರಿ. ಮನೆಯಲ್ಲಿ ಇರಲಾಗದ ದಿನ ಅಡಾಸಿಟಿಯಲ್ಲಿ ನಿಗದಿತ ಹೊತ್ತಿಗೆ ತಾನೇ ಮುದ್ರಿಸುವ ಟೈಮರ್ ರೆಕಾರ್ಡ್ ಬಳಸಬಹುದು; ಕಲಾವಿದರ ಹೆಸರು ಹೇಳುವ ಭಾಗ ತಪ್ಪಿಹೋಗದಂತೆ ಆರಂಭಕ್ಕೂ ಕೊನೆಗೂ ಐದೈದು ನಿಮಿಷ ಹೆಚ್ಚಿಗೆ ಇಡಿರಿ.

ಒಂದು ಗಂಟೆಯ 16 ಬಿಟ್ ಮೋನೊ ವೇವ್ ಕಡತಕ್ಕೆ ಸುಮಾರು 318 ಎಂಬಿ, 128 ಕೆಬಿಪಿಎಸ್ ಎಂಪಿ3ಗೆ ಸುಮಾರು 58 ಎಂಬಿ ಜಾಗ ಬೇಕು. ಕಾಪಿಡಲು ವೇವ್, ಫೋನಿನಲ್ಲಿ ಕೇಳಲು ಎಂಪಿ3 ಒಳ್ಳೆಯದು. ಕಡತದ ಹೆಸರಿನಲ್ಲೇ ದಿನಾಂಕ, ಪ್ರಸಂಗ, ಅರ್ಥಧಾರಿಗಳ ಹೆಸರನ್ನು ಸೇರಿಸಿರಿ.