ಅಮೆರಿಕದ ಯೂನಿವರ್ಸಿಟಿ ಲೈಬ್ರರಿ: ‘ಫೈನ್ ಇಲ್ಲ’ ಅನ್ನೋದು ಅರ್ಧ ನಿಜ

ಈ ಆಗಸ್ಟ್‌ನಲ್ಲಿ ದಾವಣಗೆರೆ ಕಡೆಯಿಂದ ಎಂ.ಎಸ್.ಗೆ ಬಂದ ಹುಡುಗನೊಬ್ಬ ಖುಷಿಯಾಗಿ ಹೇಳಿದ: “ಅಕ್ಕಾ, ಇಲ್ಲಿ ಲೈಬ್ರರಿಯಲ್ಲಿ ಫೈನೇ ಇಲ್ವಂತೆ!” ಮೊದಲ ವರ್ಷ ನಾನೂ ಇದೇ ಮಾತು ನಂಬಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿನ ಹಲವು ಯೂನಿವರ್ಸಿಟಿ ಲೈಬ್ರರಿಗಳು ದಿನಕ್ಕಿಷ್ಟು ಅನ್ನುವ ದಂಡವನ್ನು ತೆಗೆದುಹಾಕಿವೆ. ದಂಡಕ್ಕೆ ಹೆದರಿ ವಿದ್ಯಾರ್ಥಿಗಳು ಪುಸ್ತಕ ಒಯ್ಯುವುದನ್ನೇ ಬಿಡಬಾರದು ಅನ್ನುವುದು ಸಿಬ್ಬಂದಿಯ ಲೆಕ್ಕ. ಒಳ್ಳೆಯದೇ. ಆದರೆ ಎಷ್ಟೋ ಕಡೆ ರೀಕಾಲ್ ಉಳಿದಿದೆ, ಕಳೆದುಹೋದ ಪುಸ್ತಕದ ಬೆಲೆ ವಸೂಲಿಯಂತೂ ಬಹುತೇಕ ಕಡೆ ಉಳಿದಿದೆ.

ರೀಕಾಲ್ ಅಂದರೆ, ನಿಮ್ಮ ಹತ್ತಿರ ಇರುವ ಪುಸ್ತಕ ಬೇರೆಯವರಿಗೆ ಬೇಕು ಅಂತ ಲೈಬ್ರರಿ ವಾಪಸ್ ಕೇಳುವುದು. ನನ್ನ ಪುಸ್ತಕಕ್ಕೆ ಮೇ ತಿಂಗಳವರೆಗೂ ಗಡುವಿತ್ತು. ಅದನ್ನು ರೂಮಿನಲ್ಲೇ ಬಿಟ್ಟು ಡಿಸೆಂಬರ್‌ನಲ್ಲಿ ತಂಗಿ ಮದುವೆಗೆ ಊರಿಗೆ ಹೋದೆ. ರೀಕಾಲ್ ಆಯಿತು, ಗಡುವು ಹತ್ತೇ ದಿನಕ್ಕೆ ಇಳಿಯಿತು. ಮೇಲ್ ಬಂದಿದ್ದು ಯೂನಿವರ್ಸಿಟಿ ಐಡಿಗೆ. ಮದುವೆ ಮನೆಯಲ್ಲಿ ಅದನ್ನು ಯಾರು ನೋಡುತ್ತಾರೆ? ಜನವರಿಯಲ್ಲಿ ಬಂದು ಒಂದು ಕೋರ್ಸ್ ಸೇರಿಸಲು ಹೋದರೆ ಅಕೌಂಟ್‌ಗೆ ಹೋಲ್ಡ್ ಬಿದ್ದಿತ್ತು, ಅಂದರೆ ಬಾಕಿ ತೀರಿಸುವವರೆಗೆ ಕೋರ್ಸ್ ಸೇರಿಸಲು ಆಗುವುದಿಲ್ಲ. ಪುಸ್ತಕ ಕಳೆದುಹೋಗಿದೆ ಅಂತ ಅದರ ಬೆಲೆ ಹಾಕಿದ್ದರು. ಓಡಿಹೋಗಿ ಪುಸ್ತಕ ಕೊಟ್ಟ ಮೇಲೆ ಬೆಲೆ ಮನ್ನಾ ಆಯಿತು. ಪ್ರೊಸೆಸಿಂಗ್ ಫೀ 25 ಡಾಲರ್, ಲೇಟ್ ರಿಜಿಸ್ಟ್ರೇಷನ್ 50 ಡಾಲರ್ ಮನ್ನಾ ಆಗಲಿಲ್ಲ. ಹೋಲ್ಡ್ ತೆಗೆಸುವಷ್ಟರಲ್ಲಿ ಆ ಕೋರ್ಸಿನ ಕೊನೆಯ ಸೀಟೂ ಹೋಗಿತ್ತು. ದುಡ್ಡಿಗಿಂತ ಅದೇ ಜಾಸ್ತಿ ನೋವಾಗಿದ್ದು.

ನಮ್ಮಲ್ಲಿ ಹಾಲ್ ಟಿಕೆಟ್‌ಗೆ ಮುಂಚೆ ನೋ ಡ್ಯೂ ಸಹಿಗೆ ಓಡಾಡುತ್ತೇವೆ ಅಲ್ವಾ? ಅಲ್ಲಿ ಲೈಬ್ರರಿ ಅಟೆಂಡರ್ ಎದುರಿಗೇ ಹೇಳುತ್ತಾರೆ, “ಒಂದು ಪುಸ್ತಕ ಬಾಕಿ ಇದೆಯಮ್ಮಾ.” ಈ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು ಅಂತ ಈಗಲೂ ಅನ್ನುತ್ತೇನೆ. ಇಲ್ಲಿ ಯಾರೂ ಕರೆದು ಹೇಳುವುದಿಲ್ಲ. ದಯವಿಟ್ಟು ಯೂನಿವರ್ಸಿಟಿ ಮೇಲ್ ಅನ್ನು ಫೋನಿಗೆ ಹಾಕಿಕೊಳ್ಳಿ. ಊರಿಗೆ ಹೊರಡುವ ಮುಂಚೆ ಎಲ್ಲ ಪುಸ್ತಕ ಕೊಟ್ಟುಬಿಡಿ. ಡ್ರಾಪ್ ಬಾಕ್ಸ್‌ಗೆ ಹಾಕಿದ್ದರೆ, ಎರಡು ದಿನ ಬಿಟ್ಟು ನಿಮ್ಮ ಲೆಕ್ಕದಿಂದ ಹೋಗಿದೆಯಾ ಅಂತ ನೋಡಿ.

ಉಳಿದದ್ದರಲ್ಲಿ ಇಲ್ಲಿನವರೇ ಮುಂದೆ. ಜನ ಕೌಂಟರ್‌ಗೆ ಬರುವುದು ಕಡಿಮೆಯಾದಾಗ ಸಿಬ್ಬಂದಿಯೇ ಚಾಟ್‌ಗೆ, ಜೂಮ್‌ಗೆ ಬಂದರು. ಸಾಮಾನ್ಯವಾಗಿ ಪ್ರತಿ ವಿಭಾಗಕ್ಕೂ ಒಬ್ಬ ಸಬ್ಜೆಕ್ಟ್ ಲೈಬ್ರರಿಯನ್, ಅಂದರೆ ಆ ವಿಷಯ ನೋಡಿಕೊಳ್ಳುವ ಲೈಬ್ರರಿಯನ್, ಇರುತ್ತಾರೆ. ಸುಮ್ನೆ ಒಂದು ಮೇಲ್ ಹಾಕಿ, ಅರ್ಧ ಗಂಟೆ ಕೂತು ಬೇಕಾದ ಪುಸ್ತಕ, ಪೇಪರ್ ಹುಡುಕಿಕೊಡುತ್ತಾರೆ. ರೂಮ್‌ಮೇಟ್ ಲ್ಯಾಪ್‌ಟಾಪ್ ಕೆಟ್ಟಾಗ ಲೈಬ್ರರಿಯಿಂದಲೇ ಒಂದು ತಂದು ಪ್ರಾಜೆಕ್ಟ್ ಮುಗಿಸಿದಳು.

ಒಂದು ಸಂಶೋಧನಾ ಪೇಪರ್ ಓದಲು ವೆಬ್‌ಸೈಟ್ 40 ಡಾಲರ್ ಕೇಳಿದರೆ ಕಾರ್ಡ್ ತೆಗೆಯಬೇಡಿ. ಮೊದಲು ಲೈಬ್ರರಿ ಮೂಲಕ ಲಾಗಿನ್ ಆಗಿ. ಆಗಲೂ ಸಿಗದಿದ್ದರೆ ಇಂಟರ್‌ಲೈಬ್ರರಿ ಲೋನ್‌ನಲ್ಲಿ ಕೇಳಿ. ಬೇರೆ ಲೈಬ್ರರಿಯವರು ಸ್ಕ್ಯಾನ್ ಮಾಡಿ ಕಳಿಸುತ್ತಾರೆ, ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ದುಡ್ಡಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಮತ್ತು ಸಂಶೋಧನಾ ಪತ್ರಿಕೆಗಳ ಪ್ರಕಾಶಕ ಎಲ್ಸೆವಿಯರ್ ನಡುವಿನ ಒಪ್ಪಂದ ಮುರಿದುಬಿತ್ತು. 2021ರಲ್ಲಿ ಹೊಸ ಒಪ್ಪಂದ ಆಗುವವರೆಗೆ ಅಲ್ಲಿನ ಸಿಬ್ಬಂದಿ ಹೊಸ ಪೇಪರ್‌ಗಳನ್ನು ಹೀಗೆಯೇ ತರಿಸಿಕೊಟ್ಟರು.

ಕನ್ನಡ ಪುಸ್ತಕವನ್ನೂ ಕೇಳಿ. ಅಮೆರಿಕದಿಂದ ಬಂದ ಗೋಧಿಗೆ ನಮ್ಮ ದೇಶ ರೂಪಾಯಿಯಲ್ಲಿ ದುಡ್ಡು ಕೊಡುತ್ತಿತ್ತು. 1960ರ ದಶಕದಲ್ಲಿ ಪಿ.ಎಲ್. 480 ಅನ್ನುವ ಅಮೆರಿಕದ ಆಹಾರ ನೆರವಿನ ಯೋಜನೆಯಲ್ಲಿ ಅದೇ ರೂಪಾಯಿಯಿಂದ ಪುಸ್ತಕ ಕೊಂಡು ಶಿಕಾಗೋ, ಬರ್ಕ್ಲಿಯಂಥ ಯೂನಿವರ್ಸಿಟಿಗಳಿಗೆ ಕಳಿಸಿದರು. ಕನ್ನಡದವೂ ಅದರಲ್ಲಿವೆ. ನಾನು ಇಂಟರ್‌ಲೈಬ್ರರಿ ಲೋನ್‌ನಲ್ಲಿ ತರಿಸಿಕೊಂಡ ಕಥಾಸಂಕಲನದ ಹಿಂದಿನ ಚೀಟಿಯಲ್ಲಿ ಒಂದೇ ಮೊಹರಿತ್ತು, 1983ರದ್ದು. ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಊರಿಗೆ ಹೊರಡುವ ಹಿಂದಿನ ದಿನ ಕೌಂಟರ್‌ಗೆ ಹೋಗಿ ಕೊಟ್ಟು, ರಸೀದಿ ತೆಗೆದುಕೊಂಡು ಬಂದೆ.